ದೇವರ ಮುಂದೆ ಕುಣಿದವರು ಯಾರು? – ನಾಟ್ಯ ಪ್ರಶ್ನೋತ್ತರ

ಕಳೆದ ಸಂಚಿಕೆಯಲ್ಲಿ ರಂಗಪ್ರವೇಶದ, ಅಂದರೆ ಕಲಿತವರು ಮೊದಲ ಬಾರಿ ಪೂರ್ಣ ಕಛೇರಿ ಕೊಡುವುದರ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ. ನೃತ್ಯ ದೇವರಿಂದ ಬಂತೇ, ದೇವಸ್ಥಾನದಿಂದ ಬಂತೇ, ನಮ್ಮವರೆಗೆ ತಲುಪಿದ್ದು ಹೇಗೆ? ಅಡವು (ಮೂಲ ಹೆಜ್ಜೆಗಳು), ತಾಳದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು ಈ ಬಾರಿ ಇವನ್ನೇ ಎತ್ತಿಕೊಂಡಿದ್ದೇನೆ.

ಮಗಳ ರಂಗಪ್ರವೇಶ ಹತ್ತಿರ ಬಂದಿದೆ. ನಿರೂಪಣೆಯವರು ಬರೆದುಕೊಟ್ಟ ಮಾತಿನಲ್ಲಿ ‘ಬ್ರಹ್ಮನಿಂದ ಹುಟ್ಟಿ ಐದು ಸಾವಿರ ವರ್ಷಗಳಿಂದ ಒಂದಿಷ್ಟೂ ಬದಲಾಗದೆ ಬಂದ ಭರತನಾಟ್ಯ’ ಎಂದಿದೆ. ಹಾಗೇ ಓದಿಸಬಹುದೇ? – ಒಬ್ಬ ತಾಯಿ, ಶಿವಮೊಗ್ಗ

ಅಮ್ಮಾ, ಬ್ರಹ್ಮನ ಕಥೆ ಖಂಡಿತ ಇರಲಿ. ಐದು ಸಾವಿರವನ್ನೂ ‘ಒಂದಿಷ್ಟೂ ಬದಲಾಗದೆ’ ಎನ್ನುವುದನ್ನೂ ತೆಗೆಸಿಬಿಡಿ.

ಆ ಕಥೆ ಇರುವುದು ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ. ಆ ಗ್ರಂಥ ಸುಮಾರು ಎರಡು ಸಾವಿರ ವರ್ಷಗಳ ಆಸುಪಾಸಿನದು ಎಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಇಂದ್ರ ಮೊದಲಾದ ದೇವತೆಗಳು ಬ್ರಹ್ಮನ ಬಳಿ ಹೋಗಿ, ಕಣ್ಣಿಗೂ ಕಿವಿಗೂ ಹಿತವಾದ ಒಂದು ಆಟವನ್ನು, ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವನ್ನು ಕೊಡು ಎಂದು ಕೇಳುತ್ತಾರೆ. ಬ್ರಹ್ಮ ಋಗ್ವೇದದಿಂದ ಮಾತನ್ನು, ಸಾಮದಿಂದ ಗೀತವನ್ನು, ಯಜುರ್ವೇದದಿಂದ ಅಭಿನಯವನ್ನು, ಅಥರ್ವಣದಿಂದ ರಸವನ್ನು ತೆಗೆದು ನಾಟ್ಯವೇದ ಮಾಡುತ್ತಾನೆ. ಇಷ್ಟನ್ನು ಎಲ್ಲ ನಿರೂಪಕರೂ ಹೇಳುತ್ತಾರೆ. ಅದಾದ ಮೇಲಿನ ಭಾಗ ನನಗೆ ಇನ್ನೂ ಇಷ್ಟ. ಇದನ್ನು ದೇವತೆಗಳು ಆಡಲಿ ಎಂದು ಬ್ರಹ್ಮ ಹೇಳಿದಾಗ ಇಂದ್ರ, ‘ಇದು ದೇವತೆಗಳ ಕೈಲಾಗದು’ ಎನ್ನುತ್ತಾನೆ. ಕಲಿಯಲು, ನೆನಪಿಟ್ಟುಕೊಳ್ಳಲು, ಆಡಿ ತೋರಿಸಲು ಅವರಿಗೆ ಶಕ್ತಿಯಿಲ್ಲವಂತೆ. ಆಗ ವಿದ್ಯೆ ಭರತನಿಗೂ ಅವನ ನೂರು ಮಕ್ಕಳಿಗೂ ಬರುತ್ತದೆ. ದೇವರು ಕೊಟ್ಟ ವಿದ್ಯೆಯೇ ಹೌದು, ಆದರೆ ಮೈ ಬಗ್ಗಿಸಿ ಕಲಿತವರು ಬೇರೆಯವರು ಎಂಬುದನ್ನು ಶಾಸ್ತ್ರ ಮೊದಲ ಅಧ್ಯಾಯದಲ್ಲೇ ಹೇಳಿಬಿಟ್ಟಿದೆ.

ಮೊದಲ ಪ್ರಯೋಗ ನಡೆದದ್ದು ಇಂದ್ರನ ಧ್ವಜೋತ್ಸವದಲ್ಲಿ. ದೇವತೆಗಳು ಗೆದ್ದ ಕಥೆಯನ್ನು ಕಂಡು ಅಸುರರಿಗೆ ಸಿಟ್ಟು ಬಂತು. ಅವರು ನಟರ ಮಾತು, ಚಲನೆ, ನೆನಪು ಎಲ್ಲವನ್ನೂ ಸ್ತಂಭನ ಮಾಡಿಬಿಟ್ಟರು. ಬ್ರಹ್ಮ ಅವರನ್ನು ಸಮಾಧಾನ ಮಾಡುತ್ತಾ, ನಾಟ್ಯ ನಿಮ್ಮೊಬ್ಬರದ್ದೂ ಅಲ್ಲ, ದೇವತೆಗಳೊಬ್ಬರದ್ದೂ ಅಲ್ಲ, ಮೂರು ಲೋಕದ ಭಾವಗಳನ್ನೂ ಅದು ತೋರಿಸುತ್ತದೆ ಎನ್ನುತ್ತಾನೆ. ನಿಮ್ಮ ನಿರೂಪಕರಿಗೆ ಹೇಳಿ, ಈ ಮಾತನ್ನೂ ಒಂದು ಸಾಲು ಸೇರಿಸಿಕೊಳ್ಳಲಿ.

ಇನ್ನು ನಿಮ್ಮ ಮಗಳು ಅಂದು ಮಾಡುವ ಕಛೇರಿಯ ಕ್ರಮ, ಅಲಾರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ, ಈ ಜೋಡಣೆ ಗಟ್ಟಿಯಾದದ್ದು 19ನೆಯ ಶತಮಾನದ ಮೊದಲರ್ಧದಲ್ಲಿ. ಅದನ್ನು ಮಾಡಿದವರು ತಂಜಾವೂರಿನ ನಾಲ್ವರು ಸಹೋದರರು: ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಇವರಲ್ಲಿ ಚಿನ್ನಯ್ಯನವರು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಅಂದರೆ ಮಗಳು ಮಾಡುವುದು ಸುಮಾರು ಇನ್ನೂರು ವರ್ಷದ ಕಛೇರಿ. ಅದರ ಬೇರು ಎರಡು ಸಾವಿರ ವರ್ಷ ಕೆಳಗಿದೆ. ಹಾಗೆ ಹೇಳಿದರೆ ಸಭೆಯಲ್ಲಿ ಕುಳಿತ ವಿದ್ವಾಂಸರೂ ತಲೆದೂಗುತ್ತಾರೆ.

ದೇವಾಲಯ ನೃತ್ಯ ಎಂದರೆ ಎಲ್ಲರೂ ಚಿದಂಬರ, ತಂಜಾವೂರು ಎನ್ನುತ್ತಾರೆ. ಕರ್ನಾಟಕದಲ್ಲಿ ಅದಕ್ಕೆ ಗಟ್ಟಿ ಆಧಾರ ಇದೆಯೇ? – ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಬೇಕಾದಷ್ಟಿದೆ ಮಗೂ. ನೀನು ತಂಜಾವೂರಿನ ರೈಲಿಗೆ ಟಿಕೆಟ್ ಮಾಡಿಸುವ ಮೊದಲು ಧಾರವಾಡದಿಂದ ಬಸ್ಸು ಹತ್ತಿ ಬಾದಾಮಿಗೆ ಹೋಗಿ ಬಾ. ಮೊದಲ ಗುಹೆಯ ಬಲಗಡೆ ಬಂಡೆಯಲ್ಲಿ 18 ತೋಳುಗಳ ನಟರಾಜನಿದ್ದಾನೆ. 6ನೆಯ ಶತಮಾನದ ಕೆಲಸ ಅದು. ಚೋಳರ ಕಂಚಿನ ನಟರಾಜ ಬರುವುದಕ್ಕೆ ಶತಮಾನಗಳ ಮೊದಲೇ ನಮ್ಮ ಕೆಂಪು ಕಲ್ಲಿನಲ್ಲಿ ಶಿವ ಕುಣಿಯುತ್ತಿದ್ದ. ತೋಳುಗಳನ್ನು ಎಣಿಸಿ ಹೊರಟುಬಿಡಬೇಡ. ಪಕ್ಕದಲ್ಲಿ ಗಣಪತಿ, ನಂದಿ, ವಾದ್ಯ ನುಡಿಸುವವನು ಎಲ್ಲರೂ ಇದ್ದಾರೆ. ಒಂದು ಮೇಳವೇ ಅಲ್ಲಿದೆ.

ಅಲ್ಲಿಂದ ಪಟ್ಟದಕಲ್ಲು ಹತ್ತಿರ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ನೋಡು. ರಾಷ್ಟ್ರಕೂಟ ಧ್ರುವನ ಕಾಲದ ಒಂದು ಶಾಸನ ಅಲ್ಲಿದೆ. ಗೋಯಿಂದಪೊದ್ದಿಯ ಮಗಳು ಬಾದಿಪೊದ್ದಿ ಎಂಬ ದೇಗುಲದ ಹೆಣ್ಣುಮಗಳು ಕುದುರೆಯ ರಥವನ್ನೂ ಆನೆಯ ರಥವನ್ನೂ ದಾನ ಕೊಟ್ಟಳೆಂದು ಅದು ಹೇಳುತ್ತದೆ. ದೇವಸ್ಥಾನದಿಂದ ತೆಗೆದುಕೊಂಡವಳು ಎಂದಲ್ಲ, ದೇವಸ್ಥಾನಕ್ಕೆ ಕೊಟ್ಟವಳು ಎಂದು ಅವಳ ಹೆಸರು ಕಲ್ಲಿನಲ್ಲಿ ಉಳಿದಿದೆ. ತಾಯಿಯ ಹೆಸರೂ ಜೊತೆಗೇ ಉಳಿದಿದೆ. ನಿನ್ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೇ?

ನಮ್ಮ ಮಧ್ಯಕಾಲದ ಶಾಸನಗಳಲ್ಲಿ ದೇವರಿಗೆ ಭೂಮಿ ಬಿಡುವಾಗ ‘ಅಂಗಭೋಗ ರಂಗಭೋಗಕ್ಕೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಂಗಭೋಗ ಎಂದರೆ ದೇವರ ಅಭಿಷೇಕ, ಗಂಧ, ಅಲಂಕಾರ. ರಂಗಭೋಗ ಎಂದರೆ ದೇವರ ಮುಂದೆ ರಂಗಮಂಟಪದಲ್ಲಿ ನಡೆಯುವ ಹಾಡು, ವಾದ್ಯ, ನೃತ್ಯ. ಎಣ್ಣೆ, ಅಕ್ಕಿ, ಹೂವಿನ ಖರ್ಚಿನ ಜೊತೆಗೆ ಕುಣಿಯುವ ಪಾತ್ರದವರಿಗೂ ಮದ್ದಳೆಯವರಿಗೂ ಇಂತಿಷ್ಟು ಭೂಮಿ ಎಂದು ಬರೆದಿಡುತ್ತಿದ್ದರು. ನಿತ್ಯಪೂಜೆಯ ಖರ್ಚಿನಲ್ಲೇ ನೃತ್ಯವೂ ಸೇರಿತ್ತು. ನಿನ್ನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಮ್ಮ ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ಸಿಗುತ್ತವೆ. ಈ ಎರಡು ಪದ ಹಿಡಿದು ಹುಡುಕು, ವಾರಗಟ್ಟಲೆ ಓದುವಷ್ಟು ಸಿಗುತ್ತದೆ.

ಬೇಲೂರು ನಿನಗೆ ಗೊತ್ತೇ ಇರುತ್ತದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ನವರಂಗದ ನಡುವೆ ಕನ್ನಡಿಯಂತೆ ನಯವಾದ ದುಂಡು ಜಗಲಿ ಇದೆ, ಶಾಂತಲೆ ಅಲ್ಲಿ ಕುಣಿದಳೆಂದು ಪ್ರತೀತಿ. ಅವಳು ಗೀತ, ವಾದ್ಯ, ನೃತ್ಯ ಮೂರರಲ್ಲೂ ಪ್ರವೀಣೆ ಎಂದು ಶಾಸನಗಳೇ ಹೊಗಳುತ್ತವೆ. ಮದನಿಕೆಯರ ವಿಷಯಕ್ಕೆ ಬಂದರೆ, ಹೊರಗೆ 38, ಒಳಗೆ 4. ನನ್ನ ಶಿಷ್ಯೆಯರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ಹೇಳುವುದು ಇಷ್ಟೇ: ಮುಖ ನೋಡಿದ್ದು ಸಾಕು, ಈಗ ಕಾಲ ಬುಡ ನೋಡಿ. ಕುಣಿಯುವ ಮದನಿಕೆಯ ಅಕ್ಕಪಕ್ಕದಲ್ಲಿ ಮೊಣಕಾಲೆತ್ತರದ ಪುಟ್ಟ ಆಕೃತಿಗಳಿವೆ. ಒಬ್ಬ ಮದ್ದಳೆ ಬಾರಿಸುತ್ತಾನೆ, ಒಬ್ಬ ತಾಳ ಹಿಡಿದಿದ್ದಾನೆ, ಕತ್ತೆತ್ತಿ ಅವಳನ್ನೇ ನೋಡುತ್ತಿದ್ದಾರೆ. ನಟುವಾಂಗ ಹಿಡಿದು, ಅಂದರೆ ತಾಳ ಹಾಕಿ ನೃತ್ಯ ನಡೆಸುತ್ತಾ ಕೂತವರು ಕಲಾವಿದೆಯ ಪಾದವನ್ನು ಹೇಗೆ ನೋಡುತ್ತಾರೋ ಹಾಗೆಯೇ. ಆ ಶಿಲ್ಪಿ ನಿಜವಾದ ಕಛೇರಿಯನ್ನು ಕೂತು ನೋಡಿದ್ದಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಂಪಿಯದು ದೇವಾಲಯಕ್ಕಿಂತ ಅರಮನೆಯ ಸಾಕ್ಷಿ, ಆದರೂ ಬಿಡಬಾರದು. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಮನೆಯ ನೃತ್ಯಶಾಲೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಗೋಡೆಯ ಫಲಕಗಳಲ್ಲಿ ಒಂದೊಂದು ನೃತ್ಯದ ಕೊನೆಯ ಭಂಗಿಯನ್ನು ಕೆತ್ತಿದ್ದರಂತೆ. ಕಲಿಯುವ ಹೆಣ್ಣುಮಕ್ಕಳು ಮುಕ್ತಾಯ ಮರೆತರೆ ಫಲಕ ನೋಡಿ ಸರಿಪಡಿಸಿಕೊಳ್ಳಲಿ ಎಂದು. ಮೈ ಸಡಿಲಿಸಿಕೊಳ್ಳಲು ಕೈಯಿಂದ ಹಿಡಿದು ಜಗ್ಗುವ ಜಾಗವೂ ಅಲ್ಲಿತ್ತು. ಐನೂರು ವರ್ಷದ ಹಿಂದಿನ ಪಾಠಶಾಲೆ ಅದು!

ಇದನ್ನೆಲ್ಲ ನೋಡಿಯಾದ ಮೇಲೆ ತಂಜಾವೂರಿಗೂ ಹೋಗು. 1010ರಲ್ಲಿ ಮುಗಿದ ಬೃಹದೀಶ್ವರ ದೇವಾಲಯದ ಗೋಡೆಯ ಮೇಲೆ ರಾಜರಾಜ ಚೋಳ ಬೇರೆ ಬೇರೆ ಊರುಗಳ ದೇವಾಲಯಗಳಿಂದ ಕರೆತಂದ 400 ನರ್ತಕಿಯರ ಪಟ್ಟಿ ಇದೆ. ಒಬ್ಬೊಬ್ಬಳ ಹೆಸರು, ಬಂದ ದೇವಾಲಯ, ಯಾವ ಬೀದಿಯ ಎಷ್ಟನೆಯ ಮನೆ, ವರ್ಷಕ್ಕೆ 100 ಕಳಂ (ಧಾನ್ಯದ ಅಳತೆ) ಭತ್ತದ ಪಾಲು ಎಲ್ಲವೂ ಬರೆದಿದೆ. ಒಬ್ಬಳು ತೀರಿಕೊಂಡರೆ ಅವಳ ಹತ್ತಿರದ ಬಂಧು ಆ ಜಾಗಕ್ಕೆ ಬರಬೇಕು, ಆದರೆ ವಿದ್ಯೆ ಇದ್ದರೆ ಮಾತ್ರ. ಇಲ್ಲದಿದ್ದರೆ ಯೋಗ್ಯರನ್ನು ಆರಿಸಬೇಕು. ಅದೇ ಗುಡಿಯ ಮೇಲಂತಸ್ತಿನಲ್ಲಿ ನಾಟ್ಯಶಾಸ್ತ್ರ ಹೇಳುವ 108 ಕರಣಗಳಲ್ಲಿ (ನೃತ್ಯದ ಚಲನೆ, ಭಂಗಿಗಳು) 81 ಮಾತ್ರ ಕಡೆದಿದ್ದಾರೆ. ಉಳಿದ 27ಕ್ಕೆ ಬಿಟ್ಟ ಕಲ್ಲು ಹಾಗೇ ಖಾಲಿ ನಿಂತಿದೆ.

ನಾನು ನಂಜನಗೂಡು ಕಡೆಯ ನಿವೃತ್ತ ಶಿಕ್ಷಕ. ನಮ್ಮಜ್ಜಿಯ ಕಾಲದಲ್ಲಿ ದೇವಸ್ಥಾನದಲ್ಲಿ ಕುಣಿಯುವ ಹೆಂಗಸರಿದ್ದರಂತೆ. ಇಂದಿನ ಕಾರ್ಯಕ್ರಮಗಳಲ್ಲಿ ಶಿವ, ಬ್ರಹ್ಮ, ಭರತಮುನಿಯ ಹೆಸರು ಬರುತ್ತದೆ, ಅವರದ್ದು ಬರುವುದಿಲ್ಲ. ಅದು ನಿಂತದ್ದು ಹೇಗೆ? ಅವರನ್ನು ನೆನೆಯುವುದು ತಪ್ಪೇ?

ಮೇಷ್ಟ್ರೇ, ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದೆ.

ನಾಟ್ಯಶಾಸ್ತ್ರದ ಮೊದಲ ಅಧ್ಯಾಯವನ್ನು ಎಲ್ಲರೂ ಹೇಳುತ್ತಾರೆ, ಕೊನೆಯ ಅಧ್ಯಾಯವನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಭರತನ ಮಕ್ಕಳು ಋಷಿಗಳನ್ನು ಅಣಕಿಸುವ ಪ್ರಹಸನ ಆಡುತ್ತಾರೆ. ಋಷಿಗಳು ಕೋಪಗೊಂಡು ನಿಮ್ಮ ಕುಲ ಕೀಳಾಗಲಿ ಎಂದು ಶಪಿಸುತ್ತಾರೆ. ಅವಮಾನ ತಾಳದೆ ಮಕ್ಕಳು ಪ್ರಾಣ ಬಿಡಲು ಹೊರಟಾಗ ಭರತ ಅವರನ್ನು ತಡೆದು, ಈ ವಿದ್ಯೆ ನಾಶವಾಗಲು ಬಿಡಬೇಡಿ, ಬೇರೆಯವರಿಗೆ ಕಲಿಸಿ ಎನ್ನುತ್ತಾನೆ. ಆಮೇಲೆ ನಹುಷ ಮಹಾರಾಜನ ಕರೆಯ ಮೇಲೆ ಅವರು ಭೂಮಿಗಿಳಿಯುತ್ತಾರೆ. ವಿದ್ಯೆಗೆ ಪೂಜೆ, ವಿದ್ಯಾವಂತರಿಗೆ ತಿರಸ್ಕಾರ ಎಂಬುದು ಈ ಕಲೆಯ ಮೂಲಗ್ರಂಥದಲ್ಲೇ ಬರೆದಿಟ್ಟ ಸಂಕಟ.

ದೇವಸ್ಥಾನದಲ್ಲಿ ಆ ಹೆಂಗಸರ, ಅಂದರೆ ದೇವದಾಸಿಯರ ಕೆಲಸ ಏನಿತ್ತು ಎಂದು ಕೇಳಿದರೆ, ಕುಣಿಯುವುದೊಂದೇ ಅಲ್ಲ. ಮಂಗಳಾರತಿಯ ಹೊತ್ತಿಗೆ ಕುಂಭಾರತಿ ಎತ್ತುವುದು, ಅಂದರೆ ಉತ್ಸವದಲ್ಲಿ ನೂರು ಕಣ್ಣು ಬಿದ್ದ ದೇವರಿಗೆ ದೃಷ್ಟಿ ತೆಗೆಯುವುದು ಅವರ ಹಕ್ಕು. ದೇವರೇ ಗಂಡನಾದ್ದರಿಂದ ವೈಧವ್ಯವಿಲ್ಲದ ನಿತ್ಯಸುಮಂಗಲಿಯರು ಎಂಬ ನಂಬಿಕೆ. ತಮಿಳುನಾಡಿನ ಶಿವಾಲಯಗಳಲ್ಲಿ ಬ್ರಹ್ಮೋತ್ಸವದ ಧ್ವಜಾರೋಹಣದ ಸಮಯ ಎಂಟು ದಿಕ್ಕು ಮತ್ತು ನಡುವಿನ ಬ್ರಹ್ಮ, ಹೀಗೆ ಒಂಬತ್ತು ಸಂಧಿಗಳಿಗೆ ಒಂದೊಂದು ಕೌತ್ವ (ದೇವತಾಸ್ತುತಿಯ ಚಿಕ್ಕ ನೃತ್ಯ) ಕುಣಿದು ದೇವತೆಗಳನ್ನು ಆಹ್ವಾನಿಸುತ್ತಿದ್ದರು. ಇಂದು ನಾವು ವೇದಿಕೆಯಲ್ಲಿ ಮಾಡುವ ಪುಷ್ಪಾಂಜಲಿ, ಕೌತ್ವ ಎಲ್ಲ ಅವರ ನಿತ್ಯಕರ್ಮದ ತುಣುಕುಗಳು.

ನಿಂತದ್ದು ಹೇಗೆಂದರೆ, ರಾಜರು ಹೋದಂತೆ ಉಂಬಳಿ ಹೋಯಿತು. ಉಂಬಳಿ ಹೋದ ಮೇಲೆ ಅವರು ಉಳ್ಳವರ ಹಂಗಿಗೆ ಬಿದ್ದರು, ಜನ ಅದನ್ನೇ ಕುಲದ ಕಸುಬೆಂದು ಆಡಿಕೊಂಡರು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ಅವರ ಸೇವೆ ನಿಲ್ಲಿಸಿತು. ಮದರಾಸಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರು ವರ್ಷಗಟ್ಟಲೆ ಹೋರಾಡಿ, ಕೊನೆಗೆ 1947ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಸಮರ್ಪಿಸುವುದನ್ನು ತಡೆಯುವ ಕಾಯ್ದೆ ಬಂತು. ಅವರ ತಾಯಿಯೂ ಅದೇ ಸಮುದಾಯದಿಂದ ಬಂದವರು, ಒಳಗಿನ ನೋವು ಅವರಿಗೆ ಗೊತ್ತಿತ್ತು. ನಮ್ಮ ಉತ್ತರ ಕರ್ನಾಟಕದಲ್ಲಿ ಬಡ ದಲಿತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ ಅದಾದ ಮೇಲೂ ನಡೆದು, 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಬೇಕಾಯಿತು. ಅದರಲ್ಲಿ ವಿದ್ಯೆಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಸಮರ್ಪಣೆ ನಿಲ್ಲಲೇಬೇಕಿತ್ತು, ಈ ವಿಷಯದಲ್ಲಿ ನನ್ನದು ಎರಡು ಮಾತಿಲ್ಲ.

ಆದರೆ ನಿಲ್ಲಿಸಿದವರು ಆ ಹೆಂಗಸರ ವಿದ್ಯೆಗೆ ಬೇರೊಂದು ನೆಲೆ ಮಾಡಿಕೊಡಲಿಲ್ಲ. ಮದರಾಸಿನಲ್ಲಿ 1930ರ ದಶಕದಲ್ಲಿ ಈ. ಕೃಷ್ಣ ಅಯ್ಯರ್, ರುಕ್ಮಿಣೀದೇವಿ ಮೊದಲಾದವರಿಂದ ನೃತ್ಯ ಹೊಸ ವೇದಿಕೆ ಹತ್ತಿತು, ನನ್ನಂಥ ಮನೆಗಳ ಹುಡುಗಿಯರೂ ಕಲಿಯುವಂತಾಯಿತು. ಅವರ ಉಪಕಾರ ದೊಡ್ಡದು. ಕಲಿಸಿದ ಮನೆತನಗಳ ಹೆಣ್ಣುಮಕ್ಕಳು ಮಾತ್ರ ಅದೇ ಹೊತ್ತಿಗೆ ಗೆಜ್ಜೆ ಬಿಚ್ಚಿಟ್ಟರು. ಅದನ್ನೂ ಒಟ್ಟಿಗೇ ಹೇಳಬೇಕು.

ನಿಮ್ಮ ನಂಜನಗೂಡಿನಲ್ಲೇ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರನ್ನು ನೋಡಿ. ದೇವದಾಸಿ ಮನೆತನದವರು, ಮಹಾ ಸಂಗೀತ ವಿದುಷಿ. ಇಂದು ಲೋಕವೇ ಹೋಗಿ ಆರಾಧನೆ ಮಾಡುವ ತಿರುವಯ್ಯಾರಿನ ತ್ಯಾಗರಾಜರ ಸಮಾಧಿ ಮಂದಿರವನ್ನು ಸ್ವಂತ ಸಂಪಾದನೆಯಿಂದ ಕಟ್ಟಿಸಿದವರು ಅವರು. ಅಲ್ಲಿ ಹೆಂಗಸರು ಹಾಡುವಂತಿಲ್ಲ ಎಂದಾಗ ಹೆಂಗಸರದ್ದೇ ಆರಾಧನೆ ನಡೆಸಿದರು. ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರು (1857–1947) ಆಸ್ಥಾನದ ಅಭಿನಯ ಪರಂಪರೆ ಹೊತ್ತು ನಿಂತರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ, ಕಡೂರಿನ ಕಡೆಯ ಲಂಬಾಣಿ ತಾಂಡ್ಯದ ಮಗು, ಆಸ್ಥಾನ ವಿದುಷಿಯಾಗಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಕಲಿಸಿ, 1992ರಲ್ಲಿ ಪದ್ಮಭೂಷಣ ಪಡೆದರು. ಮೂಗೂರಿನ ತ್ರಿಪುರಸುಂದರಿಯ ಸನ್ನಿಧಿಯಲ್ಲಿ ಬೆಳೆದ ಮನೆತನದಲ್ಲಿ ಮೂಗೂರು ಜೇಜಮ್ಮನವರಿದ್ದರು.

ಈ ಮೈಸೂರು ಪರಂಪರೆಯ ಅಭಿನಯ ಎಂಥದ್ದೆಂದರೆ, ನೆಲದ ಮೇಲೆ ಕೂತು, ಕಾಲು ಅಲುಗಿಸದೆ, ತೆಲುಗು ಕವಿ ಕ್ಷೇತ್ರಯ್ಯನ ಪದದ (ಶೃಂಗಾರದ ಹಾಡು) ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಬಿಡಿಸುವುದು. ‘ಅವನು ಬಂದನೇ?’ ಎಂಬ ಭಾವ ಎಂದಿಟ್ಟುಕೊಳ್ಳಿ. ಮೊದಲ ಸಲ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಎರಡನೆಯ ಸಲ ಸಖಿಯ ಮುಖಕ್ಕೆ. ಮೂರನೆಯ ಸಲ ಎಲ್ಲಿಗೂ ಹೋಗದೆ ತನ್ನ ಬಳೆಯ ಮೇಲೆ ನಿಲ್ಲುತ್ತದೆ, ಹುಬ್ಬು ಮಾತ್ರ ಒಂದು ಕೂದಲೆಳೆ ಏರುತ್ತದೆ. ಅಷ್ಟಕ್ಕೆ ನೋಡುವವರ ಗಂಟಲು ಕಟ್ಟುತ್ತದೆ. ಇದನ್ನು ಯಾವ ಗ್ರಂಥವೂ ಕಲಿಸಲಾರದು. ಒಬ್ಬ ಹೆಂಗಸು ಎದುರಿಗೆ ಕೂತು ಇನ್ನೊಬ್ಬಳಿಗೆ ಕಲಿಸಬೇಕು, ಹಾಗೆಯೇ ಇದು ಉಳಿದು ಬಂದದ್ದು.

ಆದ್ದರಿಂದ ನೆನೆಯುವುದು ತಪ್ಪಲ್ಲ, ನೆನೆಯದಿರುವುದೇ ತಪ್ಪು. ನನ್ನ ಶಿಷ್ಯೆಯರ ರಂಗಪ್ರವೇಶದ ಆಹ್ವಾನ ಪತ್ರಿಕೆಯಲ್ಲಿ ಗುರುವಂದನೆಯ ಸಾಲಿನಲ್ಲಿ ತಾಯಮ್ಮನವರ, ವೆಂಕಟಲಕ್ಷಮ್ಮನವರ ಹೆಸರು ಕಡ್ಡಾಯವಾಗಿ ಹಾಕಿಸುತ್ತೇನೆ. ಅತಿಥಿಗಳ ಹೆಸರಿಗೆ ಜಾಗ ಸಾಲದಿದ್ದರೆ ಅತಿಥಿಗಳು ಕಡಿಮೆಯಾಗಲಿ.

ಮಗ ಭರತನಾಟ್ಯ ಕಲಿಯಬೇಕೆನ್ನುತ್ತಾನೆ. ‘ಅದು ದೇವಸ್ಥಾನದ ಹೆಂಗಸರ ಕಲೆ’ ಎಂದು ನೆಂಟರು ಹೇಳುತ್ತಾರೆ. – ತಂದೆ, ತುಮಕೂರು

ಸೇರಿಸಿ, ಯೋಚನೆಯೇ ಬೇಡ. ಕೂಚಿಪುಡಿಯನ್ನು ಆ ಊರಿನ ಬ್ರಾಹ್ಮಣ ಮನೆತನಗಳ ಗಂಡಸರು ಉಳಿಸಿಕೊಂಡು ಬಂದರು, ಸತ್ಯಭಾಮೆಯ ಜಡೆ ಕಟ್ಟಿಕೊಂಡವರೂ ಅವರೇ. ಅಸ್ಸಾಮಿನ ಮಾಜುಲಿಯ ಸತ್ರಗಳಲ್ಲಿ (ವೈಷ್ಣವ ಮಠಗಳು) ಶಂಕರದೇವರ ಪರಂಪರೆಯ ಸತ್ರಿಯಾ ನೃತ್ಯ ಬ್ರಹ್ಮಚಾರಿ ಭಕ್ತರದ್ದು. ಪುರಿಯಲ್ಲಿ ಜಗನ್ನಾಥನ ಮುಂದೆ ಗುಡಿಯ ನರ್ತಕಿಯರಾದ ಮಾಹರಿಯರು ಕುಣಿದರೆ, ಗುಡಿಯ ಹೊರಗೆ ಗೋಟಿಪುವ ಹುಡುಗರು ಕುಣಿದರು. ಭರತನಾಟ್ಯವನ್ನು ಕಲಿಸಿ ನಡೆಸುತ್ತಿದ್ದ ನಟ್ಟುವನಾರರು ಬಹುಪಾಲು ಗಂಡಸರೇ. ನೆಂಟರಿಗೆ ಬಾದಾಮಿಯ ಚಿತ್ರ ತೋರಿಸಿ. ಅಲ್ಲಿ ಕುಣಿಯುತ್ತಿರುವವನು ಗಂಡಸೇ ತಾನೇ?

ನಮ್ಮ ಯಕ್ಷಗಾನವೂ ದೇವಸ್ಥಾನದ್ದೇ. ಅದನ್ನೇಕೆ ನೀವು ಈ ಸಾಲಿಗೆ ಸೇರಿಸುವುದಿಲ್ಲ? – ಓದುಗರು, ಕುಂದಾಪುರ

ನಾನು ಸೇರಿಸುತ್ತೇನೆ, ಸೇರಿಸದಿರುವುದು ಅಧಿಕೃತ ಪಟ್ಟಿಗಳು. ಚೌಕಿಯಲ್ಲಿ (ಬಣ್ಣದ ಮನೆ) ಗಣಪತಿಗೆ ಪೂಜೆ ಮಾಡಿ, ಬಣ್ಣ ಹಚ್ಚಿ, ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ ಮುಗಿಸಿ ಪ್ರಸಂಗಕ್ಕೆ ಬರುವ ಕ್ರಮ ನೋಡಿದರೆ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದ ಪೂರ್ವರಂಗ ನೆನಪಾಗದೆ ಇರುವುದಿಲ್ಲ. ಒಂದರಿಂದ ಇನ್ನೊಂದು ನೇರವಾಗಿ ಹುಟ್ಟಿತು ಎಂದು ನಾನು ವಾದಿಸುವುದಿಲ್ಲ. ಆದರೆ ಇಂದಿಗೂ ದೇವರ ಹೆಸರಿನಲ್ಲಿ ಹರಕೆ ಆಟ ಆಡುವ ಮೇಳ ಮಂದಾರ್ತಿಯಲ್ಲಿದೆ, ಕಟೀಲಿನಲ್ಲಿದೆ. ಭರತನಾಟ್ಯದವರು ದೇವಸ್ಥಾನದ ಸಂಪ್ರದಾಯ ಎಂದು ಭಾಷಣ ಮಾಡುತ್ತೇವೆ, ನಿಮ್ಮವರು ಅದನ್ನು ರಾತ್ರಿಯಿಡೀ ಬದುಕುತ್ತಿದ್ದಾರೆ.

ವೇದಿಕೆಯಲ್ಲಿ ನಟರಾಜನ ವಿಗ್ರಹ ಇರಲೇಬೇಕೇ? ನನ್ನ ತರಗತಿಯಲ್ಲಿ ಒಬ್ಬಳು ಕ್ರೈಸ್ತ ಹುಡುಗಿ ಇದ್ದಾಳೆ, ಪುಷ್ಪಾಂಜಲಿ ಮಾಡಿಸಬಹುದೇ? – ನೃತ್ಯ ಶಿಕ್ಷಕಿ, ಮಂಗಳೂರು

ವೇದಿಕೆಯ ಮೂಲೆಯಲ್ಲಿ ನಟರಾಜನನ್ನು ಇಡುವ ರೂಢಿ ರುಕ್ಮಿಣೀದೇವಿಯವರ ಕಾಲದಿಂದ ಬಂದದ್ದು. ಗುಡಿಯಲ್ಲಿ ಮೂರ್ತಿ ಎದುರಿಗೇ ಇತ್ತು, ಸಭಾಂಗಣದಲ್ಲಿ ಇರಲಿಲ್ಲ, ಅದಕ್ಕೇ ತಂದರು. ಚೆಂದದ ರೂಢಿ, ಆದರೆ ಇಲ್ಲದಿದ್ದರೆ ನೃತ್ಯಕ್ಕೆ ಕುಂದಿಲ್ಲ. ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರು 1975ರಲ್ಲಿ ಮದರಾಸಿನ ತಮಿಳ್ ಇಸೈ ಸಂಘದ ಅಧ್ಯಕ್ಷ ಭಾಷಣದಲ್ಲಿ ಕಛೇರಿಯ ಕ್ರಮವನ್ನೇ ದೇವಾಲಯ ಎಂದರು. ಅಲಾರಿಪು ಗೋಪುರ, ಜತಿಸ್ವರ ಅರ್ಧಮಂಟಪ, ಶಬ್ದ ಮಹಾಮಂಟಪ, ವರ್ಣಕ್ಕೆ ಬಂದಾಗ ಗರ್ಭಗುಡಿಯ ಸನ್ನಿಧಿ. ತಲೆತಲಾಂತರದಿಂದ ಈ ವಿದ್ಯೆಯಲ್ಲೇ ಬದುಕಿದ ಮನೆಯ ಹೆಣ್ಣುಮಗಳ ಮಾತದು.

ಆ ಹುಡುಗಿಗೆ ಧಾರಾಳವಾಗಿ ಮಾಡಿಸಿ, ಅವಳಿಗೂ ಅವಳ ಮನೆಯವರಿಗೂ ಒಪ್ಪಿಗೆಯಿದ್ದರೆ. ಒತ್ತಾಯ ಬೇಡ, ಅಲಾರಿಪುವಿನಿಂದ ಆರಂಭಿಸಿದರೂ ಕಛೇರಿ ಪೂರ್ಣವೇ. ಈ ವಿದ್ಯೆ ಒಂದೇ ಮತದ ಗೋಡೆಯೊಳಗೆ ಎಂದೂ ಇರಲಿಲ್ಲ. 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ನೀಲಾಂಜನೆ ಕುಣಿಯುತ್ತಲೇ ಮರೆಯಾದದ್ದನ್ನು ಕಂಡು ಆದಿದೇವನಿಗೆ ವೈರಾಗ್ಯ ಬರುತ್ತದೆ, ಅದು ಜೈನರ ಕಥೆ. ನಮ್ಮ ಶಿವಗಂಗೆಯ ಪಕ್ಕದ ಸಾತನೂರಿನ ಪುಂಡರೀಕ ವಿಠಲ ನರ್ತನನಿರ್ಣಯ ಎಂಬ ನೃತ್ಯಗ್ರಂಥ ಬರೆದದ್ದು ಅಕ್ಬರನ ಆಶ್ರಯದಲ್ಲಿ.

ಗೆಜ್ಜೆ ಎಷ್ಟಿರಬೇಕು? ಅದಕ್ಕೂ ಶಾಸ್ತ್ರವಿದೆಯೇ? – ಓದುಗರು, ಹಾಸನ

ಇದೆ. ನಂದಿಕೇಶ್ವರನ ಅಭಿನಯದರ್ಪಣ ಹೇಳುವಂತೆ ಗೆಜ್ಜೆ ಕಂಚಿನದಾಗಿರಬೇಕು, ಸಣ್ಣದಾಗಿ, ಒಳ್ಳೆಯ ನಾದವಿರಬೇಕು, ನಕ್ಷತ್ರಗಳು ಅದರ ಅಧಿದೇವತೆ. ನೀಲಿ ದಾರದಲ್ಲಿ ಒಂದೊಂದಕ್ಕೂ ಗಂಟು ಹಾಕಿ ಕಾಲಿಗೆ ನೂರು ಅಥವಾ ಇನ್ನೂರು ಕಟ್ಟಿಕೊಳ್ಳಬೇಕು. ಈಗ ಚರ್ಮದ ಪಟ್ಟಿಗೆ ಹೊಲಿದದ್ದು ಸಿಗುತ್ತದೆ, ಬಳಸಲು ಸುಲಭ. ಮಕ್ಕಳಿಗೆ ಮೊದಲೇ ಭಾರದ ಗೆಜ್ಜೆ ಕಟ್ಟಬೇಡಿ. ಅಡವುಗಳು ಕೂರುವವರೆಗೆ ಬರಿಗಾಲಿನಲ್ಲೇ ತಟ್ಟಲಿ, ಆಮೇಲೆ ಎರಡು ಸಾಲಿನದು ಸಾಕು. ಕೊಳ್ಳುವಾಗ ಅಂಗಡಿಯಲ್ಲೇ ಒಂದೊಂದು ಕಾಲಿನ ಜೋಡಿಯನ್ನೂ ಬೇರೆ ಬೇರೆಯಾಗಿ ಅಲ್ಲಾಡಿಸಿ ಕೇಳಿ, ಎರಡರ ನಾದವೂ ಒಂದೇ ಇರಬೇಕು. ಮನೆಗೆ ತಂದ ಮೇಲೆ ಗುರುಗಳ ಕೈಗೆ ಕೊಟ್ಟು ಗೆಜ್ಜೆಪೂಜೆ ಮಾಡಿಸಿ.